ಮೈಸೂರಿನ ವಿಜ್ಞಾನಗದ್ಯ: ಒಂದು ವಿಮರ್ಶೆ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕನ್ನಡದ ಕಾವ್ಯ, ಕಾದಂಬರಿ, ನಾಟಕಗಳನ್ನು ಕುರಿತು ಹುಟ್ಟಿದ ವಿಮರ್ಶೆಯು ವಿಪುಲವಾಗಿದೆ. ಅದೇ ಕಾಲದಲ್ಲಿ ಮೈಸೂರು ನಗರವನ್ನು ನೆಲೆಯಾಗಿ ಮಾಡಿಕೊಂಡು ಬೆಳೆದ ವಿಜ್ಞಾನಗದ್ಯಕ್ಕೆ ಆ ಭಾಗ್ಯವು ಅಷ್ಟಾಗಿ ಲಭಿಸಲಿಲ್ಲ. ಅದನ್ನು ಹೊಗಳಿದವರು ಹಲವರುಂಟು. ಆದರೆ ಅದನ್ನು ನಾಡಸೇವೆಯೆಂದು ಗೌರವಿಸಿದಷ್ಟು ಸುಲಭವಾಗಿ ಗದ್ಯಸಾಹಿತ್ಯವೆಂದು ಪರೀಕ್ಷಿಸಲು ಪಂಡಿತರು ಮುಂದಾಗಲಿಲ್ಲ. ಎಷ್ಟು ಪಾರಿಭಾಷಿಕ ಶಬ್ದಗಳು ನಿರ್ಮಾಣವಾದುವು, ಎಷ್ಟು ಸಂಪುಟಗಳು ಅಚ್ಚಾದುವು ಎಂಬ ಲೆಕ್ಕದಲ್ಲಿಯೇ ಮಾತು ಮುಗಿಯುತ್ತಿದ್ದುದುಂಟು. ಈ ಬಗೆಯ ಗದ್ಯದ ಬೆಲೆಯನ್ನು ನಿಶ್ಚಯಿಸುವುದಕ್ಕೆ ಬೇರೊಂದು ಅಳತೆಗೋಲು ಅವಶ್ಯಕ. ಗ್ರಂಥವನ್ನು ಓದಿ ಕೆಳಗಿಟ್ಟವನು ಯಾವ ಪ್ರಶ್ನೆಯನ್ನು, ಯಾರನ್ನು, ಎಷ್ಟು ಧೈರ್ಯದಿಂದ ಕೇಳಬಲ್ಲವನಾಗುತ್ತಾನೆ ಎಂಬುದೇ ಆ ಅಳತೆಗೋಲು. ಇದನ್ನು ಹಿಡಿದು ನೋಡಿದರೆ ಮೈಸೂರಿನ ಸಾಧನೆಯ ಹಿರಿಮೆಯೂ ಕೊರತೆಯೂ ಒಟ್ಟಿಗೆ ಗೋಚರವಾಗುತ್ತವೆ.

ಶಾಸ್ತ್ರವಿಷಯವು ಕನ್ನಡಕ್ಕೆ ಹೊಸದೇನೂ ಅಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ವು ಕೃಷಿ, ಜಲಾನ್ವೇಷಣೆ, ವೈದ್ಯ ಮೊದಲಾದವನ್ನು ಒಳಕೊಂಡಿದೆ, ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ರಚಿಸಿದನು. ಆದರೆ ಇವೆಲ್ಲ ಬಹುಮಟ್ಟಿಗೆ ಬಾಯಿಪಾಠಕ್ಕೆ ಒದಗುವ ಪದ್ಯಗಳನ್ನು ಆಶ್ರಯಿಸಿದ ಗ್ರಂಥಗಳು. ಸಂದೇಹಪಟ್ಟು, ವಾದಿಸಿ, ನಿರ್ಣಯಕ್ಕೆ ಬರುವ ಗದ್ಯವು ಆಧುನಿಕ ಕಾಲದ ಬೇಡಿಕೆ. ಆ ಬೇಡಿಕೆಯನ್ನು ಮೊದಲು ಗಂಭೀರವಾಗಿ ಕೈಕೊಂಡವರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಮುಖ್ಯರು. ಅವರು ಬೆಂಗಳೂರಿನಿಂದ ೧೯೧೮ರಲ್ಲಿ ಹೊರಡಿಸಿದ ‘ವಿಜ್ಞಾನ’ ಮಾಸಪತ್ರಿಕೆಯು ಅಲ್ಪಾಯುವಾಯಿತಾದರೂ ದಾರಿಯನ್ನು ತೋರಿಸಿತು. ಅನಂತರ ಶಿವರಾಮ ಕಾರಂತರು ಏಕಾಂಗಿಯಾಗಿ ‘ಬಾಲಪ್ರಪಂಚ’ವನ್ನೂ, ಮುಂದೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ರಚಿಸಿದರು. ೧೯೧೬ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವು ಊರೂರುಗಳಲ್ಲಿ ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿ, ಅವನ್ನು ಚಿಕ್ಕ ಪುಸ್ತಕಗಳಾಗಿ ಅಚ್ಚಿಸುವ ಸಂಪ್ರದಾಯವನ್ನು ಬೆಳೆಸಿತು. ಸಭೆಯ ಮುಂದೆ ನಿಂತು ಹೇಳಿದ ಮಾತೇ ಪುಸ್ತಕವಾದದ್ದರಿಂದ ಆ ಗದ್ಯಕ್ಕೆ ಕೇಳುವವನ ಮುಖದ ಪರಿಚಯವಿತ್ತು. ಈ ಗುಣವನ್ನು ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಡುವುದು ಉಚಿತ.

೧೯೬೬ರಲ್ಲಿ ಕನ್ನಡ ಅಧ್ಯಯನ ಸಂಸ್ಥೆಯು ಮಾನಸಗಂಗೋತ್ರಿಯಲ್ಲಿ ಸ್ಥಾಪನೆಗೊಂಡಿತು. ೧೯೬೯ರಲ್ಲಿ ‘ಕನ್ನಡ ವಿಶ್ವಕೋಶ’ದ ಮೊದಲನೆಯ ಸಂಪುಟವು ಪ್ರಕಟವಾಯಿತು. ಸಮಸ್ತ ಜ್ಞಾನವನ್ನು ಒಂದು ದೇಶಭಾಷೆಯು ತನ್ನ ವರ್ಣಮಾಲೆಯ ಕ್ರಮದಲ್ಲಿ ಅಡಕಮಾಡುವೆನೆಂದು ಹೊರಟದ್ದು ಸಾಮಾನ್ಯ ಸಾಹಸವಲ್ಲ. ಹದಿನಾಲ್ಕು ಸಂಪುಟಗಳ ಈ ಕಾರ್ಯವು ದಶಕಗಳ ಶ್ರಮವನ್ನು ಬೇಡಿತು. ಆದರೆ ವರ್ಣಾನುಕ್ರಮದಲ್ಲಿಯೇ ಒಂದು ತೊಡಕು ಅಡಗಿತ್ತು. ಮೊದಲನೆಯ ಸಂಪುಟವು ಹೊರಬಂದ ವರ್ಷದಲ್ಲಿಯೇ ಮಾನವನು ಚಂದ್ರನ ಮೇಲೆ ಕಾಲಿಟ್ಟನು. ಅಕಾರಾದಿಯ ವಿಷಯಗಳು ಒಂದು ಕಾಲದ ವಿಜ್ಞಾನವನ್ನೂ, ಹಕಾರದ ವಿಷಯಗಳು ಬಹುಕಾಲಾನಂತರದ ವಿಜ್ಞಾನವನ್ನೂ ಹೇಳುವುದು ಅನಿವಾರ್ಯವಾಯಿತು. ಗಣಕವು ‘ಗ’ಕಾರದ ಶಬ್ದವಾದ್ದರಿಂದ, ಅದು ಮನೆಮನೆಗೆ ಬರುವ ಮೊದಲೇ ಅದರ ಸರದಿ ಕಳೆದುಹೋಗುತ್ತದೆ. ಇದು ಸಂಪಾದಕರ ದೋಷವಲ್ಲ. ದೀರ್ಘಕಾಲ ನಡೆದು ಮುಗಿಯುವ ಯಾವ ವಿಶ್ವಕೋಶಕ್ಕೂ ತಗುಲುವ ಕಷ್ಟವಿದು. ಬಲಿಷ್ಠ ಭಾಷೆಗಳು ಪರಿಷ್ಕರಣದಿಂದ ಈ ಕಷ್ಟವನ್ನು ಕಳೆದುಕೊಳ್ಳುತ್ತವೆ. ಹೊಸ ಮುದ್ರಣಗಳು ಹಳೆಯವನ್ನು ಪ್ರಶ್ನಿಸುತ್ತಲೇ ಇರುತ್ತವೆ. ಕನ್ನಡದಲ್ಲಿ ಗ್ರಂಥವನ್ನು ಮುಗಿಸಿದ್ದೇ ಉತ್ಸವವಾಯಿತು; ನಿರಂತರ ತಿದ್ದುಪಡಿಯು ಅಷ್ಟೇ ಮಹತ್ತ್ವದ ಕಾರ್ಯವೆಂಬ ಭಾವನೆ ನಾಡಿನಲ್ಲಿ ಬಲವಾಗಿ ಬೇರೂರಲಿಲ್ಲ.

ಇನ್ನು ಪಾರಿಭಾಷಿಕ ಶಬ್ದಗಳ ವಿಚಾರ. ಇಲ್ಲಿ ಎರಡು ಉದಾಹರಣೆಗಳನ್ನು ಪರಿಶೀಲಿಸಿದರೆ ಸಾಕು. ‘ಆಮ್ಲಜನಕ’ವೆಂಬುದು ‘ಆಕ್ಸಿಜನ್’ ಎಂಬ ಹೆಸರಿನ ಯಥಾವತ್ತಾದ ಭಾಷಾಂತರ. ಆಮ್ಲಗಳೆಲ್ಲವೂ ಈ ಅನಿಲದಿಂದಲೇ ಹುಟ್ಟುತ್ತವೆಂದು ಭಾವಿಸಿ ಹದಿನೆಂಟನೆಯ ಶತಮಾನದಲ್ಲಿ ಫ್ರೆಂಚ್ ವಿಜ್ಞಾನಿ ಲವಾಸಿಯೆ ಗ್ರೀಕ್ ಧಾತುಗಳಿಂದ ಆ ಹೆಸರನ್ನು ಕಟ್ಟಿದನು. ಆ ಭಾವನೆಯು ತಪ್ಪೆಂದು ಮುಂದೆ ಸ್ಥಿರಪಟ್ಟಿತು; ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ನಿನ ಲೇಶವೂ ಇಲ್ಲ. ಇಂಗ್ಲಿಷಿನ ಓದುಗನಿಗೆ ಗ್ರೀಕ್ ತಿಳಿಯದಿರುವುದರಿಂದ ಆ ಹೆಸರು ಬರಿಯ ಗುರುತಾಗಿ ಉಳಿಯಿತು. ಕನ್ನಡದಲ್ಲಿ ಅರ್ಥವು ಸ್ಪಷ್ಟವಾಗಿರುವುದರಿಂದ, ವಿಜ್ಞಾನವು ಕೈಬಿಟ್ಟ ತಪ್ಪನ್ನು ಶಾಲೆಯ ಬಾಲಕನು ಹೆಸರಿನ ಜೊತೆಯಲ್ಲಿಯೇ ಕಲಿಯುವಂತಾಯಿತು. ಶಬ್ದವನ್ನು ತರುವಾಗ ಅದರ ಚರಿತ್ರೆಯನ್ನೂ ತರದಿದ್ದರೆ ಒದಗುವ ಅಪಾಯ ಇದು.

ಎರಡನೆಯದು ‘ಕೃಷ್ಣವಿವರ’. ತನ್ನೊಳಗೆ ಬಿದ್ದ ಬೆಳಕನ್ನೂ ಹೊರಗೆ ಬಿಡದ ಆಕಾಶಕಾಯಕ್ಕೆ ಜಿ. ಟಿ. ನಾರಾಯಣರಾಯರು ಬಳಸಿದ ಶಬ್ದವಿದು. ಅವರ ಒಂದು ಗ್ರಂಥಕ್ಕೆ ‘ಕೃಷ್ಣವಿವರಗಳು’ ಎಂಬುದೇ ಶೀರ್ಷಿಕೆ. ಸಂಸ್ಕೃತದಲ್ಲಿ ‘ವಿವರ’ವೆಂದರೆ ರಂಧ್ರ; ‘ಕರ್ಣವಿವರ’ವೆಂಬ ಪ್ರಯೋಗವು ವಿದ್ವಾಂಸರಿಗೆ ಪರಿಚಿತವೇ. ಆದುದರಿಂದ ಶಬ್ದವು ವ್ಯಾಕರಣಶುದ್ಧವೂ ಶ್ರವಣಮಧುರವೂ ಆಗಿದೆ. ಆದರೆ ಕನ್ನಡದ ಸಾಮಾನ್ಯನಿಗೆ ‘ಕೃಷ್ಣ’ನೆಂದರೆ ದೇವರು, ‘ವಿವರ’ವೆಂದರೆ ವಿಸ್ತಾರವಾದ ವರ್ತಮಾನ. ಪಂಡಿತನಿಗೆ ಆಕಾಶದ ಕುಳಿಯನ್ನು ತೋರಿಸುವ ಶಬ್ದವು ಸಂಸ್ಕೃತವರಿಯದವನಿಗೆ ಭಾಗವತದ ಕಥೆಯೊಂದನ್ನು ಸೂಚಿಸಿದರೆ ಆಶ್ಚರ್ಯವಿಲ್ಲ. ಕಾಲಾನಂತರದಲ್ಲಿ ‘ಕಪ್ಪುಕುಳಿ’ಯೆಂಬ ಅಚ್ಚಗನ್ನಡ ಮಾತು ಬಳಕೆಗೆ ಬಂದಿತು. ಅದನ್ನು ಕೇಳಿದವನು ಒಡನೆಯೇ “ಕುಳಿಯಾದರೆ ತಳವುಂಟೆ?” ಎಂದು ಕೇಳಬಲ್ಲನು. ಆ ಪ್ರಶ್ನೆಯಿಂದಲೇ ವಿಜ್ಞಾನದ ಪಾಠ ಆರಂಭವಾಗುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ನಾರಾಯಣರಾಯರ ಗದ್ಯದ ಗೌರವವು ಕುಂದುವುದಿಲ್ಲ. ೧೯೬೯ರಿಂದ ೧೯೮೬ರ ವರೆಗೆ ವಿಶ್ವಕೋಶದ ವಿಜ್ಞಾನ ವಿಭಾಗದ ಸಂಪಾದಕರಾಗಿದ್ದ ಅವರು ಗಣಿತಾಧ್ಯಾಪಕರು, ನಕ್ಷತ್ರವೀಕ್ಷಕರು, ಕರ್ಣಾಟಕ ಸಂಗೀತದ ರಸಿಕರು. ಈ ಮೂರು ಗುಣಗಳೂ ಅವರ ವಾಕ್ಯಗಳಲ್ಲಿ ಸೇರಿವೆ: ಗಣಿತದ ಬಿಗಿ, ಇರುಳಿನ ಆಕಾಶದ ವಿಸ್ಮಯ, ಮತ್ತು ಲಯದ ಎಚ್ಚರ. ಅವರಿಗೆ ವಿಜ್ಞಾನವೊಂದು ರಸವಿಷಯ. ಜೆ. ಆರ್. ಲಕ್ಷ್ಮಣರಾಯರ ಮಾರ್ಗವು ಬೇರೆ. ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದು, ೧೯೭೮ರಲ್ಲಿ ಆರಂಭವಾದ ‘ಬಾಲವಿಜ್ಞಾನ’ ಮಾಸಪತ್ರಿಕೆಯ ಸಂಪಾದಕತ್ವವನ್ನು ವಹಿಸಿದ ಅವರ ವಾಕ್ಯಗಳು ಚಿಕ್ಕವು, ನಿರಾಡಂಬರವಾದವು. ಅವರ ‘ಪರಮಾಣು ಚರಿತ್ರೆ’ಯು ಹೆಸರೇ ಸೂಚಿಸುವಂತೆ ಪರಮಾಣುವನ್ನು ಸಿದ್ಧವಸ್ತುವಾಗಿ ಮುಂದಿಡದೆ ಮನುಷ್ಯಪ್ರಯತ್ನದ ಚರಿತ್ರೆಯಾಗಿ ನಿರೂಪಿಸುತ್ತದೆ. ‘ವಿಜ್ಞಾನಿಗಳೊಡನೆ ರಸನಿಮಿಷಗಳು’ ವಿಜ್ಞಾನಿಯನ್ನು ಪೀಠದಿಂದ ಕೆಳಗಿಳಿಸಿ ಓದುಗನ ಪಕ್ಕದಲ್ಲಿ ಕುಳ್ಳಿರಿಸುತ್ತದೆ. ಮೊದಲನೆಯವರ ಗದ್ಯವು ಓದುಗನನ್ನು ಮೇಲಕ್ಕೆ ಕರೆಯುತ್ತದೆ. ಎರಡನೆಯವರ ಗದ್ಯವು ತಾನೇ ಅವನಿದ್ದಲ್ಲಿಗೆ ಹೋಗುತ್ತದೆ. ಪ್ರಚಾರೋಪನ್ಯಾಸಗಳ ಕಾಲದಲ್ಲಿ ಮೊಳೆತ, ಕೇಳುವವನ ಮುಖವನ್ನು ನೋಡಿ ಮಾತಾಡುವ ಗುಣಕ್ಕೆ ನಿಜವಾದ ವಾರಸುದಾರರು ಲಕ್ಷ್ಮಣರಾಯರೇ ಎಂದರೆ ತಪ್ಪಾಗಲಾರದು.

ಆದರೆ ಆ ಕೇಳುವವನು ಯಾರು? ಈ ಪ್ರಶ್ನೆಯನ್ನು ಮೈಸೂರಿನಲ್ಲಿಯೇ ಬೇರೊಂದು ದಿಕ್ಕಿನಿಂದ ಎತ್ತಿದವರು ರಾಜಕಾರಣಿಯೊಬ್ಬರು. ೧೯೭೩ರ ನವೆಂಬರಿನಲ್ಲಿ, ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಈ ನಗರದ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಭಾಗವು ಬೂಸಾ ಎಂಬರ್ಥದ ಮಾತನಾಡಿ, ದಲಿತ ವಿದ್ಯಾರ್ಥಿಗಳು ಇಂಗ್ಲಿಷನ್ನು ಕಲಿಯಬೇಕೆಂದರು. ನಾಡೆಲ್ಲ ಗಲಭೆಯೆದ್ದಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದುವು, ಬಸವಲಿಂಗಪ್ಪನವರು ಅಧಿಕಾರವನ್ನು ಬಿಡಬೇಕಾಯಿತು. ಆ ಕಾಲದ ಚರ್ಚೆಯು ಬಹುಮಟ್ಟಿಗೆ ಕನ್ನಡದ ಮಾನಾಪಮಾನಗಳ ಸುತ್ತಲೇ ತಿರುಗಿತು. ಸಾಹಿತ್ಯಚರಿತ್ರಕಾರರು ಅದನ್ನು ದಲಿತ ಚಳವಳಿಯ ಉಗಮಗಳಲ್ಲೊಂದೆಂದು ಗುರುತಿಸಿರುವುದು ನ್ಯಾಯವೇ. ವಿಜ್ಞಾನಗದ್ಯದ ವಿಮರ್ಶಕನಾದರೋ ಅದರಲ್ಲಿ ಇನ್ನೊಂದು ಅರ್ಥವನ್ನು ಕಾಣಬೇಕಾಗಿದೆ. ಶತಮಾನಗಳಿಂದ ಅಕ್ಷರವು ನಿಷಿದ್ಧವಾಗಿದ್ದ ಜನಕ್ಕೆ ಜ್ಞಾನವನ್ನೂ ಜೀವನವನ್ನೂ ಕೊಡುವ ಶಕ್ತಿ ಕನ್ನಡಕ್ಕೆ ಉಂಟೆ, ಅಥವಾ ಅದಕ್ಕಾಗಿ ಪರಭಾಷೆಗೇ ಹೋಗಬೇಕೆ ಎಂಬುದೇ ಆ ಮಾತಿನ ತಿರುಳು. ಇದಕ್ಕೆ ಉತ್ತರವನ್ನು ಕೊಡಬೇಕಾಗಿದ್ದುದು ಕಾವ್ಯಕ್ಕಿಂತ ಹೆಚ್ಚಾಗಿ ಶಾಸ್ತ್ರಗದ್ಯ. ಅದೇ ನಗರದಲ್ಲಿ ವಿಶ್ವಕೋಶವು ಸಿದ್ಧವಾಗುತ್ತಿದ್ದುದರಿಂದ ಕನ್ನಡದ ಉತ್ತರವು ನಿರ್ಮಾಣದಲ್ಲಿದ್ದಿತೆನ್ನಬಹುದು. ಆದರೆ ಆ ಉತ್ತರವು ತತ್ಸಮಬಹುಳವಾಗಿತ್ತು. ಮನೆಯಲ್ಲಿ ಆ ಶಬ್ದಗಳನ್ನು ಎಂದೂ ಕೇಳದ ವಿದ್ಯಾರ್ಥಿಗೆ ‘ದ್ಯುತಿಸಂಶ್ಲೇಷಣೆ’ಯೂ ಅದರ ಇಂಗ್ಲಿಷ್ ರೂಪವೂ ಸಮಾನವಾಗಿ ಪರಕೀಯ, ಇಂಗ್ಲಿಷಿನದರಿಂದ ಉದ್ಯೋಗವಾದರೂ ದೊರೆಯಬಹುದೆಂಬ ಲೆಕ್ಕಾಚಾರವನ್ನು ಅವಿವೇಕವೆನ್ನಲಾಗದು.

ಮುಂದಿನ ವರ್ಷಗಳಲ್ಲಿ ಸೃಷ್ಟಿಸಾಹಿತ್ಯವು ಈ ಸವಾಲನ್ನು ಸ್ವೀಕರಿಸಿತು. ಮೈಸೂರು ಸೀಮೆಯ ದೇವನೂರ ಮಹಾದೇವರು ‘ಕುಸುಮಬಾಲೆ’ಯಲ್ಲಿ ನಂಜನಗೂಡು, ಚಾಮರಾಜನಗರಗಳ ಕಡೆಯ ಆಡುನುಡಿಯನ್ನೇ ಕಾವ್ಯಶಕ್ತಿಗೆ ಏರಿಸಿದರು, ೧೯೯೦ರಲ್ಲಿ ಆ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ವಿಜ್ಞಾನಗದ್ಯದಲ್ಲಿ ಇದಕ್ಕೆ ಸಮಾನವಾದ ಪರಿವರ್ತನೆ ನಡೆಯಲಿಲ್ಲ. ರೈತನಿಗೂ ಕಮ್ಮಾರನಿಗೂ ಸೂಲಗಿತ್ತಿಗೂ ತಮ್ಮ ತಮ್ಮ ಕಸುಬಿನ ಪರಿಭಾಷೆ ಸಮೃದ್ಧವಾಗಿದ್ದರೂ, ಶಬ್ದನಿರ್ಮಾಪಕರು ಅದಕ್ಕಿಂತ ಮೊದಲು ಸಂಸ್ಕೃತ ಕೋಶದ ಕಡೆಗೆ ಕೈಚಾಚಿದುದೇ ಹೆಚ್ಚು.

ರಾಜ್ಯಶಕ್ತಿಯೂ ಈ ವಿಚಾರದಲ್ಲಿ ಪ್ರವೇಶಿಸಿತು. ೧೯೭೬ರ ನಾಲ್ವತ್ತೆರಡನೆಯ ತಿದ್ದುಪಡಿಯ ಮೂಲಕ ವೈಜ್ಞಾನಿಕ ಮನೋಭಾವವನ್ನೂ ಜಿಜ್ಞಾಸೆಯನ್ನೂ ಬೆಳೆಸಿಕೊಳ್ಳುವುದು ಪ್ರಜೆಯ ಮೂಲಭೂತ ಕರ್ತವ್ಯವೆಂದು ಸಂವಿಧಾನದಲ್ಲಿ ಸೇರಿತು. ಅದು ತುರ್ತುಪರಿಸ್ಥಿತಿಯ ಕಾಲ. ಪತ್ರಿಕೆಗಳು ನಿರ್ಬಂಧಕ್ಕೊಳಗಾಗಿದ್ದುವು, ಪ್ರಶ್ನಿಸಿದ ಅನೇಕರು ಸೆರೆಮನೆಯಲ್ಲಿದ್ದರು. ಪ್ರಶ್ನೆಯನ್ನು ಕರ್ತವ್ಯವೆಂದು ವಿಧಿಸಿದ ಪ್ರಭುತ್ವವೇ ಪ್ರಶ್ನೆಯನ್ನು ಅಪರಾಧವಾಗಿ ಕಂಡ ಆ ಪ್ರಸಂಗದಲ್ಲಿ ಒಂದು ಪಾಠವಿದೆ: ವೈಜ್ಞಾನಿಕ ಮನೋಭಾವವನ್ನು ಗ್ರಹಗಳ ವಿಷಯಕ್ಕೆ ಅನ್ವಯಿಸಿ, ಅಧಿಕಾರದ ವಿಷಯಕ್ಕೆ ಅನ್ವಯಿಸದೆ ಇರಲಾಗದು.

೧೯೮೦ರ ಫೆಬ್ರವರಿ ೧೬ರಂದು ಕಾರವಾರದಿಂದ ರಾಯಚೂರಿನ ವರೆಗೆ ಉತ್ತರ ಕರ್ನಾಟಕದ ಮೇಲೆ ಪೂರ್ಣ ಸೂರ್ಯಗ್ರಹಣದ ನೆರಳು ಹಾಯಿತು. ವಿಜ್ಞಾನಿಗಳು ದೂರದೇಶಗಳಿಂದ ಬಂದು ವೀಕ್ಷಿಸಿದ ಆ ದೃಶ್ಯಕ್ಕೆ, ಮನೆಬಾಗಿಲನ್ನು ಮುಚ್ಚಿ ಕುಳಿತ ಅಸಂಖ್ಯ ಜನರು ವಂಚಿತರಾದರು. ಗ್ರಹಣದ ಕಾರಣವನ್ನು ಪಾಠಪುಸ್ತಕದಲ್ಲಿ ಓದಿದವರೂ ಅವರಲ್ಲಿದ್ದರು. ಅವರಿಗೆ ಕೊರತೆಯಾಗಿದ್ದುದು ಮಾಹಿತಿಯಲ್ಲ. ತಿಳಿದದ್ದನ್ನು ನಂಬಿ ನಡೆಯುವ ಎದೆಗಾರಿಕೆ. ಜ್ಯೋತಿಷ್ಯವನ್ನೂ ಮೌಢ್ಯವನ್ನೂ ನಾರಾಯಣರಾಯರು ನಿರ್ಭಯವಾಗಿ ಖಂಡಿಸಿದರು. ಈ ಖಂಡನೆಯು ಶ್ಲಾಘ್ಯವೇ. ಆದರೆ ಮೈಸೂರಿನ ವಿಜ್ಞಾನಗದ್ಯದಲ್ಲಿ ವಿಜ್ಞಾನವು ಬಹುತೇಕ ಮೌಢ್ಯದ ಪ್ರತಿಪಕ್ಷವಾಗಿ, ನಿಷ್ಕಳಂಕ ಸತ್ಯವಾಗಿ ಕಾಣಿಸಿಕೊಂಡಿತು. ಹಣ, ಸರ್ಕಾರ, ಯುದ್ಧ, ಉದ್ಯಮಗಳೊಡನೆ ಹೆಣೆದುಕೊಂಡ ಮಾನುಷವ್ಯಾಪಾರವಾಗಿ ಕಾಣಿಸಿಕೊಂಡದ್ದು ವಿರಳ.

ಆ ಮುಖವನ್ನು ತೋರಿಸಿದವರು ಹೊರಗಿನವರು. ಉತ್ತರ ಕನ್ನಡದ ಕೈಗಾದಲ್ಲಿ ಪರಮಾಣು ವಿದ್ಯುತ್ ಸ್ಥಾವರದ ಯೋಜನೆ ಬಂದಾಗ, ‘ವಿಜ್ಞಾನ ಪ್ರಪಂಚ’ವನ್ನು ಬರೆದ ಕಾರಂತರೇ ಅದನ್ನು ಪ್ರತಿಭಟಿಸಿದರು, ೧೯೮೯ರಲ್ಲಿ ತಮ್ಮ ಇಳಿವಯಸ್ಸಿನಲ್ಲಿ ಲೋಕಸಭೆಯ ಚುನಾವಣೆಗೂ ನಿಂತು ಸೋತರು. ೧೯೯೪ರಲ್ಲಿ ನಿರ್ಮಾಣದಲ್ಲಿದ್ದ ಸ್ಥಾವರದ ಗುಮ್ಮಟದ ಭಾಗವು ಕುಸಿದುಬಿದ್ದಿತು. ಕಾರಂತರ ನಿಲುವು ಸರಿಯೋ ತಪ್ಪೋ ಎಂಬುದು ಬೇರೆಯ ಚರ್ಚೆ. ವಿಜ್ಞಾನವನ್ನು ಪ್ರೀತಿಸುವವನೇ ಅದರ ಪ್ರಯೋಗವನ್ನು ಪ್ರಶ್ನಿಸಬಹುದೆಂಬ ಆದರ್ಶವು ಅಲ್ಲಿ ಪ್ರತ್ಯಕ್ಷವಾಯಿತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ ಮಲೆನಾಡನ್ನು ಸೇರಿದ ಪೂರ್ಣಚಂದ್ರ ತೇಜಸ್ವಿಯವರು ೧೯೮೦ರ ‘ಕರ್ವಾಲೊ’ ಕಾದಂಬರಿಯಲ್ಲಿ ಇದೇ ಸಮಸ್ಯೆಯನ್ನು ಬೇರೊಂದು ಕಡೆಯಿಂದ ಮುಟ್ಟಿದರು. ಹಾರುವ ಓತಿಯನ್ನು ಕಂಡವನು ಹಳ್ಳಿಯ ಮಂದಣ್ಣ. ಅವನೊಳಗಿನ ನಿಸರ್ಗವೀಕ್ಷಕನನ್ನು ಗುರುತಿಸಿದವನು ವಿಜ್ಞಾನಿ ಕರ್ವಾಲೊ. ಊರು ಕೀಳೆಂದು ಕಂಡವನು ಇಲ್ಲಿ ವಿದ್ವಾಂಸನಿಗೆ ದಾರಿ ತೋರಿಸುತ್ತಾನೆ. ಜ್ಞಾನವು ವಿದ್ವಾಂಸನಿಂದ ಸಾಮಾನ್ಯನ ಕಡೆಗೆ ಮಾತ್ರ ಇಳಿದುಬರುವುದೆಂಬ ವಿಶ್ವಕೋಶದ ಕಲ್ಪನೆಗೆ ಇದಕ್ಕಿಂತ ಸಮರ್ಪಕವಾದ ಪೂರಣವು ಬೇರೆ ದೊರೆಯಲಾರದು.

ಹೀಗೆ ಪರೀಕ್ಷಿಸಿದಾಗ ಮೈಸೂರಿನ ವಿಜ್ಞಾನಗದ್ಯದ ಸ್ಥಾನವು ಸ್ಪಷ್ಟವಾಗುತ್ತದೆ. ಕನ್ನಡದಲ್ಲಿ ಯಾವ ಶಾಸ್ತ್ರವನ್ನಾದರೂ ಹೇಳಬಹುದೆಂಬುದನ್ನು ಅದು ಸಂದೇಹಕ್ಕೆ ಎಡೆಯಿಲ್ಲದಂತೆ ಸ್ಥಾಪಿಸಿತು. ಅಲ್ಪ ಪ್ರತಿಫಲಕ್ಕೆ, ಬಹುಮಟ್ಟಿಗೆ ಅಧ್ಯಾಪಕರ ಬಿಡುವಿನ ವೇಳೆಯಲ್ಲಿ ನಡೆದ ಈ ಕಾರ್ಯವನ್ನು ಲಘುವಾಗಿ ಎಣಿಸುವವನು ಕೃತಘ್ನನೇ ಸರಿ. ಆದರೆ ಅಣುಸ್ಥಾವರ, ಅಣೆಕಟ್ಟು, ಔಷಧ, ಬಿತ್ತನೆಬೀಜ ಇವುಗಳ ವಿಷಯದಲ್ಲಿ ನಿರ್ಣಯವು ಇಂಗ್ಲಿಷಿನಲ್ಲಿ ನಡೆದು, ಅದರ ಫಲವು ಕನ್ನಡದಲ್ಲಿ ಅನುಭವಕ್ಕೆ ಬರುವ ಸ್ಥಿತಿಯನ್ನು ಅದು ಬದಲಾಯಿಸಲಾರದೆ ಹೋಯಿತು. ಸಾಹಿತ್ಯದ ಅಧ್ಯಾಪಕರು ಈ ಗ್ರಂಥಗಳನ್ನು ತರಗತಿಗೆ ತಂದು, ಕಾದಂಬರಿಯ ಗದ್ಯವನ್ನು ಪರೀಕ್ಷಿಸುವಷ್ಟೇ ಕಟ್ಟುನಿಟ್ಟಾಗಿ ಇವುಗಳ ವಾಕ್ಯಗಳನ್ನೂ ಪರೀಕ್ಷಿಸಿದರೆ, ಮುಂದಿನ ಲೇಖಕರಿಗೆ ಹಾದಿ ಸುಗಮವಾದೀತು. ಜಿಜ್ಞಾಸೆಯನ್ನು ಬೋಧಿಸಿದ ಗ್ರಂಥಗಳಿಗೆ ಜಿಜ್ಞಾಸೆಯಿಂದಲೇ ಗೌರವ ಸಲ್ಲಬೇಕು.