ಮೇಲುಮುದ್ದೆಯ ಮನೆಯೂ ವಾಸ್ತುವಿಮರ್ಶೆಯೂ

ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಪ್ರಾಂತದ ವಾಸ್ತುಶಿಲ್ಪವೆಂದೊಡನೆ ವಿದ್ವಾಂಸರ ದೃಷ್ಟಿಯು ಲಕ್ಕುಂಡಿ, ಡಂಬಳಗಳ ದೇವಾಲಯಗಳ ಕಡೆಗೆ ಹರಿಯುವುದು ಸಹಜವೇ ಸರಿ. 1926ರಲ್ಲಿ ಪ್ರಕಟವಾದ ಹೆನ್ರಿ ಕಸಿನ್ಸ್ ಮಹಾಶಯರ ಚಾಲುಕ್ಯವಾಸ್ತುಗ್ರಂಥವು ಇವುಗಳ ವಿಷಯದಲ್ಲಿ ಮಹೋಪಕಾರವನ್ನು ಮಾಡಿರುವುದು. ಆದರೆ ಅದೇ ಊರುಗಳ ಒಕ್ಕಲುಮನೆಗಳಿಗೆ ಶಾಸ್ತ್ರಚರ್ಚೆಯಲ್ಲಿ ದೊರೆತಿರುವ ಸ್ಥಾನವು ಅತ್ಯಲ್ಪವು.

ಸಂಸ್ಕೃತ ವಾಸ್ತುಗ್ರಂಥಗಳನ್ನು ಓದಿದವರಿಗೆ ಈ ಮನೆಯನ್ನು ಚತುಃಶಾಲೆಯ ವಿಕೃತರೂಪವೆಂದು ಎಣಿಸುವ ಒಲವು ಉಂಟಾಗಬಹುದು. ಈ ಮತವು ಪರೀಕ್ಷೆಗೆ ನಿಲ್ಲಲಾರದು. ಚತುಃಶಾಲೆಗೆ ನಡುವಣ ತೆರೆದ ಅಂಗಳವೇ ಪ್ರಾಣವು. ದೇಸಾಯರ ವಾಡೆಗಳಿಗೆ ಆ ಹೆಸರು ಒಪ್ಪೀತು. ಸಾಮಾನ್ಯ ಒಕ್ಕಲಿಗನ ಮನೆಯಲ್ಲಾದರೋ ತಲೆಬಾಗಿಲನ್ನು ದಾಟಿದೊಡನೆ ತಗ್ಗಿನಲ್ಲಿ ದನಗಳ ನೆಲೆ. ಅದಕ್ಕಿಂತ ಎತ್ತರದಲ್ಲಿ ಪಡಸಾಲೆ. ಅದರಾಚೆ ಅಡುಗೆಯ ಮನೆ, ದೇವರ ಮನೆ. ಬೆಳಕು ಬರುವುದು ಅಂಗಳದಿಂದಲ್ಲ, ಮಾಳಿಗೆಯ ಬೆಳಕಿಂಡಿಯಿಂದ. ಎತ್ತುಗಳು ಯಜಮಾನನ ಕಣ್ಣೆದುರಿಗೇ ಇರಬೇಕು, ಜೋಳವು ಹಗೆವಿನಲ್ಲಿ ಭದ್ರವಾಗಿರಬೇಕು ಎಂಬುದೇ ಈ ವಿನ್ಯಾಸದ ಸೂತ್ರವು. ವರಾಹಮಿಹಿರನ ಬೃಹತ್ಸಂಹಿತೆಯು ಮನೆಯ ಅಳತೆಗಳನ್ನು ವರ್ಣಾನುಸಾರವಾಗಿ ವಿಧಿಸುವುದು; ಇಲ್ಲಿಯ ಮನೆಯು ಬೇಸಾಯವನ್ನೇ ಪ್ರಮಾಣವಾಗಿಟ್ಟುಕೊಂಡಿರುವುದು.

ಮಾಳಿಗೆಯ ರಚನೆಯೂ ಅಷ್ಟೇ ವಿಚಾರಪೂರ್ವಕವಾದುದು. ಕಂಬಗಳ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಗಳ ಮೇಲೆ ಜಂತಿ, ಜಂತಿಗಳ ಮೇಲೆ ಕಿರುಗಟ್ಟಿಗೆಗಳ ಹಾಸು, ಎಲ್ಲಕ್ಕೂ ಮೇಲೆ ಮಣ್ಣಿನ ಮುದ್ದೆ. ಸುತ್ತಲೂ ಎರೆಯ ಮಣ್ಣು ಧಾರಾಳವಾಗಿದ್ದರೂ ಅದು ಒಣಗಿದರೆ ಬಿರಿಯುವುದು. ಆದುದರಿಂದ ಮೇಲುಪದರಕ್ಕೆ ಸವುಳು ಮಣ್ಣನ್ನು ಆರಿಸುವರು. ಮೊದಲ ಮಳೆಗೆ ಅದರ ಸೂಕ್ಷ್ಮಕಣಗಳು ಹರಡಿ ರಂಧ್ರಗಳನ್ನು ಮುಚ್ಚುವುವು. ನೀರು ಒಳಕ್ಕೆ ಇಳಿಯದು. ಮಳೆ ಕಡಿಮೆಯಾದ ಈ ಸೀಮೆಗೆ ಚಪ್ಪಟೆಯ ಮಾಳಿಗೆಯೇ ಯುಕ್ತವು. ಬೇಸಗೆಯಲ್ಲಿ ದಪ್ಪ ಮಣ್ಣು ಒಳಗನ್ನು ತಂಪಾಗಿಡುವುದು.

ಇನ್ನೊಂದು ಆಕ್ಷೇಪವುಂಟು. ಮಣ್ಣಿನ ಮನೆಯಲ್ಲಿ ಪ್ರಾಚೀನವಾದುದೇನು? ಮುದ್ದೆಯು ಆಗಾಗ್ಗೆ ಹೊಸದಾಗುವುದು, ಗೋಡೆಯು ಮತ್ತೆ ಮೆತ್ತಿಸಿಕೊಳ್ಳುವುದು. 1958ರ ಪ್ರಾಚೀನ ಸ್ಮಾರಕಗಳ ಕೇಂದ್ರ ಕಾಯಿದೆಯು ಸ್ಮಾರಕಕ್ಕೆ ಕನಿಷ್ಠ ನೂರು ವರ್ಷಗಳ ವಯಸ್ಸನ್ನು ಕೇಳುವುದು. ಶಿಲೆಗೆ ಈ ಅಳತೆಯು ಸಲ್ಲುವುದು. ಮೇಲುಮುದ್ದೆಯ ಪ್ರಾಚೀನತೆಯಾದರೋ ದ್ರವ್ಯದಲ್ಲಿಲ್ಲ, ಕ್ರಮದಲ್ಲಿದೆ. ಪ್ರತಿ ತಲೆಮಾರೂ ಕೈಯಿಂದ ಕೈಗೆ ದಾಟಿಸುವ ವಿದ್ಯೆಯೇ ಅದರ ಶಾಸನವು.

ತಗಡು ಸಿಮೆಂಟುಗಳು ಬಂದ ಮೇಲೆ ಆ ವಿದ್ಯೆಯು ಕ್ಷೀಣಿಸುತ್ತಿದೆ. ದೇವಾಲಯವು ಬಿದ್ದರೂ ಕಲ್ಲು ಉಳಿಯುವುದು. ಈ ಮನೆಯು ಬಿದ್ದರೆ ಮಣ್ಣು ಮಣ್ಣಿಗೆ ಸೇರುವುದು. ಆದುದರಿಂದ ಬಡಿಗನ, ಉಪ್ಪಾರನ ಪಾರಿಭಾಷಿಕ ಶಬ್ದಗಳನ್ನು ಸಂಗ್ರಹಿಸಿ, ಮನೆಗಳನ್ನು ಅಳೆದು, ನಕಾಶೆ ತೆಗೆಯುವ ಕಾರ್ಯವು ಸತ್ವರವಾಗಿ ನಡೆಯತಕ್ಕದ್ದು. ಲಕ್ಷ್ಯವನ್ನು ನೋಡದೆ ಲಕ್ಷಣವನ್ನು ಹೇಳುವುದು ವಿಮರ್ಶೆಯಾಗಲಾರದು.