ಫಿಲ್ಟರಿಗೆ ಸಿಗದ ಮಗ್ಗ

ಯಾವ ಶಾಪಿಂಗ್ ಆ್ಯಪಿನಲ್ಲಾದ್ರೂ 'ಇಳಕಲ್ ಸೀರೆ' ಅಂತ ಹುಡುಕಿ ನೋಡಿ. ಅದೇ ಕೆಂಪು ಸೆರಗು, ಅದೇ ಬಿಳಿ ವಿನ್ಯಾಸ, ಅದೇ ನಗುವ ಮಾಡೆಲ್. ಕೈಮಗ್ಗದ್ದು ಯಾವುದು, ಪವರ್‌ಲೂಮಿನದು ಯಾವುದು ಅಂತ ಫೋಟೋದಲ್ಲಿ ಗೊತ್ತಾಗೋದೇ ಕಷ್ಟ. ಬೆಲೆ ಮಾತ್ರ ಎದ್ದು ಕಾಣುತ್ತೆ. ಇದರ ಮೇಲೆ 'ನೇಕಾರರಿಗೆ ಜಗತ್ತಿನ ಮಾರುಕಟ್ಟೆ ತೆರೆದಿದೆ' ಅನ್ನೋ ಭಾಷಣ ಬೇರೆ.

ಸಾಂಪ್ರದಾಯಿಕ ಇಳಕಲ್‌ನ ಗುಟ್ಟಿರೋದು ಜೋಡಣೆಯಲ್ಲಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕುಣಿಕೆ ಕುಣಿಕೆಯಾಗಿ ಸೇರಿಸಬೇಕು. ಹಾಗಾಗಿ ಪ್ರತಿ ಸೀರೆಗೂ ಹೊಸದಾಗಿ ಹಾಸು ಹೂಡಬೇಕು. ಉದ್ದನೆಯ ಒಂದೇ ಹಾಸಿನಲ್ಲಿ ಹತ್ತು ಸೀರೆ ನೇಯ್ದು ಕತ್ತರಿಸೋ ಲೆಕ್ಕ ಇಲ್ಲಿ ನಡೆಯಲ್ಲ. ಇಷ್ಟೂ ಕೆಲಸ ಆ್ಯಪಿನಲ್ಲಿ 'ಮೆಟೀರಿಯಲ್: ಕಾಟನ್ ಸಿಲ್ಕ್' ಅನ್ನೋ ಒಂದು ಸಾಲಿಗೆ ಮುಗಿದುಹೋಗುತ್ತೆ.

ಇದನ್ನು ತಂತ್ರಜ್ಞಾನದ ಮಿತಿ ಅಂತ ನಾನಂತೂ ಒಪ್ಪಲ್ಲ. ಡೇಟಾಬೇಸಿಗೆ ನಾಲ್ಕು ಕಾಲಂ ಸೇರಿಸೋದು ಎಷ್ಟು ಹೊತ್ತಿನ ಕೆಲಸ ಅಂತ ಅದೇ ಕೆಲಸ ಮಾಡೋ ನನಗೆ ಗೊತ್ತು. ಜೋಡಣೆಯ ಹತ್ತಿರದ ಫೋಟೋ, ನೇಯ್ದವರ ಹೆಸರು ಕಡ್ಡಾಯ ಮಾಡಲಿ. 2006ರಲ್ಲೇ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆಯಲ್ಲ, ಅದನ್ನು ಪರಿಶೀಲಿಸಿದ ಮೇಲೆ 'ಕೈಮಗ್ಗ' ಅಂತ ಬರೀಲಿ. ಇನ್ನು 'ನಾಳೆಯೇ ಡೆಲಿವರಿ' ಕೊಡೋರನ್ನು ಮೇಲೆ ತೋರಿಸಿದರೆ, ಈಗಷ್ಟೇ ಹಾಸು ಹೂಡ್ತಾ ಕೂತವರು ಯಾವ ಪುಟದಲ್ಲಿ ಸಿಗಬೇಕು?

ಮಗ್ಗದ ಮೇಲಿರೋ ಸೀರೆಯ ವಿಡಿಯೋ ವಾಟ್ಸ್‌ಆ್ಯಪಿನಲ್ಲಿ ಕಳಿಸಿ, ಯುಪಿಐನಲ್ಲಿ ಮುಂಗಡ ಪಡೆದು ನೇಯೋ ವ್ಯವಹಾರ ನನಗೆ ಇದಕ್ಕಿಂತ ಪ್ರಾಮಾಣಿಕ ಅನ್ನಿಸುತ್ತೆ. ಆದ್ರೆ ಪರಿಚಯ ಇದ್ದವರಿಗಷ್ಟೇ ಆ ನಂಬರು ಸಿಗೋದು.