ನೀರುನಾಯಿ ಪೋಸ್ ಕೊಡೋದಿಲ್ಲ

ವನ್ಯಜೀವಿ ಫೋಟೋ ಅಂದ್ರೆ ಪ್ರಾಣಿ ನೇರ ಲೆನ್ಸ್ ನೋಡ್ತಿರಬೇಕು. ಹಾಗಿದ್ರೇ ಲೈಕು, ಹಾಗಿದ್ರೇ "ಐ ಕಾಂಟ್ಯಾಕ್ಟ್ ಸೂಪರ್" ಅನ್ನೋ ಕಮೆಂಟು. ನನ್ನ ತಕರಾರು ಇರೋದು ಈ ಅಭಿರುಚಿಯ ಬಗ್ಗೆಯೇ.

ನೀರುನಾಯಿಯನ್ನೇ ತಗೊಳ್ಳಿ. ನಮ್ಮ ಕಡಲತೀರದಲ್ಲಿ ಸೀಲ್‌ಗಳಿಲ್ಲ. ಬಂಡೆ ಮೇಲೆ ಮೈ ಒಣಗಿಸಿಕೊಂಡು, ಪುಳಕ್ಕನೆ ನೀರಿಗಿಳಿದು ಮೀನು ಹಿಡಿಯೋ ಪ್ರಾಣಿ ಅಂದ್ರೆ ನಮಗೆ ಇದೇ. ತುಂಗಭದ್ರೆಯ ಸುಮಾರು 34 ಕಿಲೋಮೀಟರ್ ಹರಿವನ್ನು 2015ರಲ್ಲಿ ಇವುಗಳಿಗಾಗಿಯೇ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ದಾರೆ. ಇವುಗಳ ಫೋಟೋಗಳಲ್ಲಿ ಹೆಚ್ಚು ಮೆಚ್ಚುಗೆ ಪಡೆಯೋದು ಒಂದೇ ಭಂಗಿ: ಹಿಂಗಾಲ ಮೇಲೆ ಎದ್ದು ನಿಂತು, ಕತ್ತು ಉದ್ದ ಮಾಡಿ, ನಮ್ಮನ್ನೇ ದಿಟ್ಟಿಸೋದು. ಬೆಳಕು, ಫೋಕಸ್ಸು, ಮೀಸೆಯ ಮೇಲಿನ ನೀರಹನಿ, ಎಲ್ಲ ಚೆಂದ.

ಮತ್ತಿಘಟ್ಟದಲ್ಲಿ ನಮ್ಮ ಚಿಕ್ಕಪ್ಪನಿಗೆ ಇಂಥದ್ದೊಂದು ಫೋಟೋ ತೋರಿಸಿದ್ದೆ. ತೋಟ, ಹಳ್ಳ, ಕಾಡು ಇಷ್ಟರಲ್ಲೇ ಬದುಕಿದವರು. ಅರ್ಧ ನಿಮಿಷ ನೋಡಿ, "ಪೋಸ್ ಕೊಡ್ತಾ ಇಲ್ಲೆ ಮಾಣಿ, ಹೆದ್ರಿ ನಿಂತಿದ್ದು" ಅಂದ್ರು. ಇದಕ್ಕಿಂತ ಒಳ್ಳೆ ವಿಮರ್ಶೆ ನಾನು ಓದಿಲ್ಲ.

ಯಾಕಂದ್ರೆ ಆ ಭಂಗಿ ಎಚ್ಚರಿಕೆಯದ್ದು. ಮುಂದಿನ ಕ್ಷಣ ಗುಂಪೆಲ್ಲ ನೀರಿಗೆ ಹಾರಬಹುದು. ಹಿಡಿದ ಮೀನು, ಬಿಸಿಲು, ಮರಿಗೆ ಹಾಲು ಎಲ್ಲ ಅಲ್ಲಿಗೇ ನಿಲ್ಲುತ್ತೆ. ಸೀಲ್‌ಗಳದ್ದೂ ಇದೇ ಕಥೆ. ದಡದಲ್ಲಿ ಮಲಗಿದ ಸೀಲ್‌ಗಳು ಒಟ್ಟಿಗೆ ತಲೆ ಎತ್ತಿದ್ರೆ ನೀವು ಆಗಲೇ ಜಾಸ್ತಿ ಹತ್ತಿರ ಹೋಗಿದ್ದೀರಿ ಅಂತ ಅರ್ಥ. ಅಮೆರಿಕದ ಹಲವು ತೀರಗಳಲ್ಲಿ ಕನಿಷ್ಠ 50 ಗಜ ದೂರ ಇರಿ ಅನ್ನೋದು ಇದಕ್ಕೇ. ಅಂದ್ರೆ ನಾವು ಮೆಚ್ಚುವ ಆ "ನೋಟ" ಪ್ರಾಣಿಯ ಗುಣ ಅಲ್ಲ, ನಾವು ಕೊಟ್ಟ ಕಾಟದ ದಾಖಲೆ.

ಎಲ್ಲ ನೋಟವೂ ಹೀಗೇನಾ? ಇಲ್ಲ. 2006ರಲ್ಲಿ ಪ್ರಕಟವಾದ ಪಾಲ್ ನಿಕ್ಲೆನ್ ಅವರ ಅಂಟಾರ್ಕ್ಟಿಕಾದ ಲೆಪರ್ಡ್ ಸೀಲ್ ಚಿತ್ರಗಳನ್ನು ನೋಡಿ. ಬಾಯಿ ತೆರೆದು ಕ್ಯಾಮೆರಾದ ಮುಂದೆಯೇ ಬರುವ ಆ ಹೆಣ್ಣು ಸೀಲ್, ದಿನಗಟ್ಟಲೆ ಅವರಿಗೆ ಪೆಂಗ್ವಿನ್ ತಂದು ಕೊಡೋಕೆ ನೋಡ್ತು. ಅಲ್ಲಿ ಹತ್ತಿರ ಬರೋದೂ ದೂರ ಹೋಗೋದೂ ಅದರ ಕೈಲಿತ್ತು. ಆ ಚಿತ್ರಗಳ ಬಲ ಇರೋದು ಅಲ್ಲಿ. ಆದ್ರೆ ಅದನ್ನು ನೋಡಿ ಕಲಿತ ನಾವು ಹತ್ತಿರ ಹೋಗೋದನ್ನು ಮಾತ್ರ ಕಲಿತ್ವಿ.

ನಮ್ಮಲ್ಲೇ ಬೇರೆ ಪಾಠವೂ ಇದೆ. ಕೃಪಾಕರ-ಸೇನಾನಿ ಕಾಡುನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದರು. 2010ರಲ್ಲಿ ಗ್ರೀನ್ ಆಸ್ಕರ್ ಅಂತ ಕರೆಯೋ ಪಾಂಡಾ ಪ್ರಶಸ್ತಿ ಪಡೆದ ಅವರ 'ದ ಪ್ಯಾಕ್'ನಲ್ಲಿ ನಮ್ಮನ್ನು ಹಿಡಿದಿಡೋದು ಆ ಗುಂಪಿನ ಸಂಸಾರ. ಅವುಗಳಿಗೆ ಅವುಗಳದ್ದೇ ಕೆಲಸ ಇರುತ್ತೆ, ನಾವು ಪಕ್ಕದಲ್ಲಿ ಕೂತು ನೋಡ್ತೀವಿ.

ವೀಕೆಂಡಿಗೆ ದೊಡ್ಡ ಲೆನ್ಸ್ ಹಿಡಿದು ಹೊರಡೋ ನಮಗೆ ಅಷ್ಟು ವರ್ಷ ಎಲ್ಲಿಂದ ಬರಬೇಕು, ನಿಜ. ಆದ್ರೆ ಲೈಕ್ ಒತ್ತೋ ಮುಂಚೆ ಒಂದು ಪ್ರಶ್ನೆ ಕೇಳಬಹುದು: ಕ್ಲಿಕ್ ಆದ ಮೇಲೆ ಆ ಪ್ರಾಣಿ ಏನು ಮಾಡ್ತು? ಕ್ಯಾಪ್ಷನ್‌ನಲ್ಲಿ ಐಎಸ್‌ಒ, ಶಟರ್ ಸ್ಪೀಡ್ ಬರೆಯೋರು ಇದನ್ನೂ ಒಂದು ಸಾಲು ಬರೆಯಲಿ. ಮೀನು ತಿನ್ನೋದನ್ನು ಮುಂದುವರಿಸಿದ್ರೆ ಫೋಟೋ ಸ್ವಲ್ಪ ಮಸುಕಾಗಿದ್ರೂ, ಪ್ರಾಣಿ ನಮಗೆ ಬೆನ್ನು ಹಾಕಿದ್ರೂ, ನನ್ನ ಲೈಕ್ ಅದಕ್ಕೇ.